ಲೋಟದ ಮೇಲೆ ಯಾರ ಲಾಂಛನ?

ಮನೆತನದ ಲಾಂಛನ ಹಾಕಿಸಿದ ಲೋಟ, ಮಗ್, ಹಿಪ್ ಫ್ಲಾಸ್ಕ್‌ಗಳನ್ನು ಉಡುಗೊರೆ ಕೊಡುವ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಉತ್ತರಕ್ಕೆ ಎತ್ತಿಕೊಂಡಿದ್ದೇನೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಸರ್, ನಮ್ಮ ಕಂಪನಿಯ ಎಡಿನ್‌ಬರೋ ಕಚೇರಿಯ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ. ಅವರ ಸರ್‌ನೇಮ್ ಕ್ಯಾಂಪ್‌ಬೆಲ್. ಇಲ್ಲಿನ ತಂಡದವರೆಲ್ಲ ಹಣ ಹಾಕಿ ‘ಕ್ಯಾಂಪ್‌ಬೆಲ್ ಫ್ಯಾಮಿಲಿ ಕ್ರೆಸ್ಟ್’ ಕೆತ್ತಿದ ಎರಡು ವಿಸ್ಕಿ ಗ್ಲಾಸು, ಒಂದು ಫ್ಲಾಸ್ಕ್ ಕೊಡಬೇಕೆಂದಿದ್ದೇವೆ. ಆನ್‌ಲೈನಿನಲ್ಲಿ ಸರ್‌ನೇಮ್ ಹಾಕಿದರೆ ಚಿತ್ರ ತಕ್ಷಣ ಬರುತ್ತದೆ. ಅದು ಸರಿಯಾದದ್ದೇ ಎಂದು ಹೇಗೆ ತಿಳಿಯುವುದು?
— ಓದುಗರು, ಜಯನಗರ, ಬೆಂಗಳೂರು

ಉತ್ತರ: ಸರ್‌ನೇಮ್ ಹಾಕಿದ ತಕ್ಷಣ ಬರುತ್ತದೆ ಎಂದಿರಲ್ಲ, ಅನುಮಾನ ಹುಟ್ಟಬೇಕಾದದ್ದು ಅಲ್ಲೇ. ಬ್ರಿಟನ್ನಿನಲ್ಲಿ ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ. ಆತನಿಂದ ಅದು ಮಕ್ಕಳು ಮೊಮ್ಮಕ್ಕಳಿಗೆ ಇಳಿಯುತ್ತದೆ. ಅದೇ ಸರ್‌ನೇಮ್ ಇರುವ ಪಕ್ಕದ ಬೀದಿಯವನಿಗೆ ಅದರಲ್ಲಿ ಪಾಲಿಲ್ಲ. ಇಂಗ್ಲೆಂಡಿನಲ್ಲಿ ಇದನ್ನು ನೋಡಿಕೊಳ್ಳುವ ಕಾಲೇಜ್ ಆಫ್ ಆರ್ಮ್ಸ್ 1484ರಲ್ಲಿ ಮೂರನೇ ರಿಚರ್ಡ್ ದೊರೆಯಿಂದ ಸನ್ನದು ಪಡೆದ ಸಂಸ್ಥೆ. ಸರ್‌ನೇಮಿಗೊಂದು ಲಾಂಛನ ಎಂಬುದು ಇಲ್ಲವೇ ಇಲ್ಲ ಎಂದು ಆ ಸಂಸ್ಥೆ ಇಂದಿಗೂ ಕೇಳಿದವರಿಗೆಲ್ಲ ಹೇಳುತ್ತದೆ. ಹಾಗಿದ್ದೂ ಸಾವಿರಾರು ಸರ್‌ನೇಮುಗಳಿಗೆ ಒಂದೊಂದು ಗುರಾಣಿಯ ಚಿತ್ರ ಅಂಟಿಸಿ ಮಗ್, ಕೀಚೈನ್, ಗೋಡೆ ಫಲಕ ಮಾರುವ ವ್ಯಾಪಾರ ಜಗತ್ತಿನಾದ್ಯಂತ ನಡೆದಿದೆ. ಅದೇ ಸರ್‌ನೇಮಿನ ಯಾರೋ ಒಬ್ಬನಿಗೆ ಯಾವುದೋ ಶತಮಾನದಲ್ಲಿ ಸಿಕ್ಕ ಲಾಂಛನವನ್ನು ಹಳೆಯ ಪಟ್ಟಿಯಿಂದ ಎತ್ತಿ ಎಲ್ಲರಿಗೂ ಹಂಚುತ್ತಾರೆ.

ನಿಮ್ಮ ಮುಖ್ಯಸ್ಥರು ಸ್ಕಾಟ್ಲೆಂಡಿನವರು. ಅಲ್ಲಿ ನಿಯಮ ಇನ್ನೂ ಬಿಗಿ. ಲಾರ್ಡ್ ಲಯನ್ ಎಂಬ ಅಧಿಕಾರಿಯ ಕಚೇರಿ ನಿಜಕ್ಕೂ ಒಂದು ನ್ಯಾಯಾಲಯ. 1672ರ ಶಾಸನದಿಂದ ಈಚೆಗೆ ಲಾಂಛನಗಳೆಲ್ಲ ಅಲ್ಲಿನ ಸಾರ್ವಜನಿಕ ದಫ್ತರಿನಲ್ಲಿ ದಾಖಲಾಗಬೇಕು. ಕಿರಿಯ ಮಗನೂ ತಂದೆಯ ಲಾಂಛನವನ್ನು ಇದ್ದಂತೆ ಬಳಸುವ ಹಾಗಿಲ್ಲ, ಸಣ್ಣದೊಂದು ವ್ಯತ್ಯಾಸ ಮಾಡಿಸಿ ತನ್ನ ಹೆಸರಿಗೆ ಬರೆಸಿಕೊಳ್ಳಬೇಕು.

ಇನ್ನು ಕ್ಯಾಂಪ್‌ಬೆಲ್ ವಿಚಾರ. ಈ ಕುಲದ ಮುಖ್ಯಸ್ಥರು ಆರ್ಗೈಲ್‌ನ ಡ್ಯೂಕ್. ಅವರ ಕ್ರೆಸ್ಟ್, ಅಂದರೆ ಗುರಾಣಿಯ ಮೇಲಿನ ಶಿರಸ್ತ್ರಾಣಕ್ಕೆ ಕೂರಿಸುವ ಗುರುತು, ಕಾಡುಹಂದಿಯ ತಲೆ, ಧ್ಯೇಯವಾಕ್ಯ ‘ಮರೆಯದಿರು’ ಎಂಬರ್ಥದ ಲ್ಯಾಟಿನ್ ಮಾತು. ಬ್ರೆಡಾಲ್ಬೇನ್ ಶಾಖೆಯದೂ ಹಂದಿಯ ತಲೆಯೇ, ಆದರೆ ಧ್ಯೇಯವಾಕ್ಯ ‘ನನ್ನನ್ನು ಹಿಂಬಾಲಿಸು’. ಕಾಡರ್ ಶಾಖೆಗೆ ಬಂದರೆ ಹಂದಿಯೇ ಇಲ್ಲ, ಕಿರೀಟ ತೊಟ್ಟ ಹಂಸ. ನಿಮ್ಮವರು ಯಾವ ಕ್ಯಾಂಪ್‌ಬೆಲ್? ಗೊತ್ತಿಲ್ಲದೆ ಕೆತ್ತಿಸಿದರೆ ಪಕ್ಕದ ಮನೆಯವರ ಮದುವೆ ಫೋಟೊವನ್ನು ನಿಮ್ಮವರ ಗೋಡೆಗೆ ತೂಗುಹಾಕಿದಂತಾಗುತ್ತದೆ. ಸ್ಕಾಟ್ ಜನ ಸೌಜನ್ಯದಿಂದ ನಕ್ಕು ತೆಗೆದುಕೊಳ್ಳುತ್ತಾರೆ, ಅದು ಬೇರೆ ಮಾತು.

ಕುಲದ ಸಾಮಾನ್ಯ ಸದಸ್ಯರಿಗೂ ಒಂದು ದಾರಿ ಇದೆ. ಮುಖ್ಯಸ್ಥರ ಕ್ರೆಸ್ಟನ್ನು ಬಕಲ್ ಹಾಕಿದ ಬೆಲ್ಟಿನ ಆಕಾರದ ಸುತ್ತುಪಟ್ಟಿಯೊಳಗಿಟ್ಟು, ಪಟ್ಟಿಯ ಮೇಲೆ ಧ್ಯೇಯವಾಕ್ಯ ಬರೆದ ಬ್ಯಾಡ್ಜನ್ನು ಅವರು ಟೋಪಿಗೋ ಕೋಟಿಗೋ ಧರಿಸಬಹುದು. ‘ನಾನು ಈ ಮುಖ್ಯಸ್ಥನ ಕಡೆಯವನು’ ಎಂದು ತೋರಿಸುವ ಗುರುತು ಅದು. ಕ್ರೆಸ್ಟ್ ಮಾತ್ರ ಮುಖ್ಯಸ್ಥರ ಸ್ವತ್ತಾಗಿಯೇ ಉಳಿಯುತ್ತದೆ. ನಿವೃತ್ತರಾಗುತ್ತಿರುವ ನಿಮ್ಮವರಿಗೆ ಕುಲದ ಅಭಿಮಾನ ಇದೆಯೇ ಎಂದು ಎಡಿನ್‌ಬರೋದ ಸಹೋದ್ಯೋಗಿಯೊಬ್ಬರನ್ನು ಕೇಳಿ. ಇದ್ದರೆ ಇಂಥದ್ದೊಂದು ಬ್ಯಾಡ್ಜ್ ಕೊಡಿ.

ಪಾನಪಾತ್ರೆಯೇ ಆಗಬೇಕೆಂದರೆ ಕ್ವೇಖ್ ಕೊಡಿ. ಎರಡು ಕಡೆ ಚಪ್ಪಟೆ ಹಿಡಿಗಳಿರುವ, ಆಳವಿಲ್ಲದ ಸ್ಕಾಟಿಷ್ ಬಟ್ಟಲು ಅದು. ಒಬ್ಬರು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ, ಇನ್ನೊಬ್ಬರು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾರೆ. ಮದುವೆ, ಬೀಳ್ಕೊಡುಗೆಗಳಿಗೆ ಅಲ್ಲಿನವರೇ ಕೊಡುವ ವಸ್ತು. ಅದರ ಮೇಲೆ ಅವರ ಪೂರ್ಣ ಹೆಸರು, ನಿಮ್ಮೊಂದಿಗೆ ಕೆಲಸ ಮಾಡಿದ ವರ್ಷಗಳು, ಬೆಂಗಳೂರು–ಎಡಿನ್‌ಬರೋ ಎಂದು ಕೆತ್ತಿಸಿ. ಬೆಂಗಳೂರನ್ನು ಕನ್ನಡದಲ್ಲೇ ಬರೆಸಿ. ಇಂಥ ಬಟ್ಟಲು ಬೇರೆ ಯಾವ ಕ್ಯಾಂಪ್‌ಬೆಲ್ ಮನೆಯಲ್ಲೂ ಇರುವುದಿಲ್ಲ.

ಪ್ರಶ್ನೆ: ಅಪ್ಪ-ಅಮ್ಮನ ಮದುವೆಗೆ 50 ವರ್ಷ ತುಂಬುತ್ತಿದೆ. ದುಬೈನಲ್ಲಿರುವ ಅಣ್ಣ ‘ಡಿಸೋಜಾ ಕೋಟ್ ಆಫ್ ಆರ್ಮ್ಸ್’ ಇರುವ ಆರು ಬಿಯರ್ ಮಗ್‌ಗಳನ್ನು ತರಿಸಬೇಕೆಂದಿದ್ದಾನೆ. ಚಿತ್ರ ನೋಡಲು ಚೆನ್ನಾಗಿದೆ. ಆದರೆ ನಮ್ಮ ಮನೆತನಕ್ಕೂ ಅದಕ್ಕೂ ನಿಜವಾಗಿ ಸಂಬಂಧ ಇದೆಯೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿದೆ.
— ಓದುಗಿ, ಬೆಂದೂರ್, ಮಂಗಳೂರು

ಉತ್ತರ: ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕರಾವಳಿಯ ಎಷ್ಟೋ ಮನೆಗಳು ಕೇಳಬೇಕಾದ ಪ್ರಶ್ನೆ ಇದು.

ಆ ಲಾಂಛನ ಸುಳ್ಳಲ್ಲ. ಪೋರ್ಚುಗಲ್ಲಿನ ಸಿಂತ್ರಾ ಅರಮನೆಯಲ್ಲಿ ಲಾಂಛನಗಳ ಸಭಾಂಗಣ ಎಂದೇ ಹೆಸರಾದ ಕೋಣೆಯೊಂದಿದೆ. 16ನೇ ಶತಮಾನದ ಆರಂಭದಲ್ಲಿ ಮನುವೆಲ್ ದೊರೆ ಕಟ್ಟಿಸಿದ್ದು. ಅದರ ಚಾವಣಿಯಲ್ಲಿ ರಾಜ್ಯದ 72 ಕುಲೀನ ಮನೆತನಗಳ ಲಾಂಛನಗಳನ್ನು ಬಣ್ಣದಲ್ಲಿ ಬರೆಸಿದ್ದಾನೆ. ಸೋಜಾ, ಪಿರೇರಾ, ನೊರೊನ್ಹಾ ಎಲ್ಲರೂ ಅಲ್ಲಿದ್ದಾರೆ. ಹೆಸರುಗಳನ್ನು ಓದುತ್ತಾ ಹೋದರೆ ಮಂಗಳೂರಿನ ಯಾವುದೋ ಇಗರ್ಜಿಯ ಹಾಜರಿ ಪುಸ್ತಕ ತೆರೆದ ಹಾಗೆ ಅನ್ನಿಸುವುದು ಸಹಜ. ಸೋಜಾ ಮನೆತನದ ಗುರುತು ಒಂದಕ್ಕೊಂದು ಎದುರಾಗಿ ಜೋಡಿಸಿದ ನಾಲ್ಕು ಅರ್ಧಚಂದ್ರಗಳು. ಅಣ್ಣ ಕಳಿಸಿದ ಚಿತ್ರದಲ್ಲಿ ಅವು ಇರಬಹುದು, ನೋಡಿ.

ಆದರೆ ಆ ಚಾವಣಿಯಿಂದ ನಿಮ್ಮ ಮನೆಗೆ ಇಳಿದು ಬಂದದ್ದು ಹೆಸರು ಮಾತ್ರ, ವಂಶವಲ್ಲ. ಗೋವೆಯಲ್ಲಿ 16ನೇ ಶತಮಾನದಿಂದ ಕ್ರೈಸ್ತರಾದ ಕೊಂಕಣಿ ಕುಟುಂಬಗಳಿಗೆ ದೀಕ್ಷಾಸ್ನಾನದ ಹೊತ್ತಿನಲ್ಲಿ ಪೋರ್ಚುಗೀಸ್ ಹೆಸರು ಬಂತು. ಸ್ನಾನ ಮಾಡಿಸಿದ ಪಾದ್ರಿಯ ಹೆಸರೋ, ಧರ್ಮಪಿತನಾಗಿ ನಿಂತ ಅಧಿಕಾರಿ ಅಥವಾ ಸೈನಿಕನ ಹೆಸರೋ ಆಗಿರುತ್ತಿತ್ತು. ಒಂದೇ ಬಳಗದ ಎರಡು ಕವಲುಗಳಿಗೆ ಎರಡು ಬೇರೆ ಹೆಸರು ಬಂದಿರಬಹುದು. ಸಂಬಂಧವೇ ಇಲ್ಲದ ಹತ್ತು ಮನೆಗಳಿಗೆ ಡಿಸೋಜಾ ಎಂಬ ಒಂದೇ ಹೆಸರು ಬಂದಿರಬಹುದು. ಆಮೇಲೆ ಅವರಲ್ಲಿ ಅನೇಕರು ಗೋವೆ ಬಿಟ್ಟು ಕೆನರಾಕ್ಕೆ ಇಳಿದು, ಗದ್ದೆ ತೋಟ ಮಾಡಿ, ಇಲ್ಲಿನವರಾದರು. ಈ ನಡಿಗೆಯ ಯಾವ ನೆನಪೂ ಲಿಸ್ಬನ್ನಿನ ಕುಲೀನನೊಬ್ಬನ ಗುರಾಣಿಯಲ್ಲಿ ಇಲ್ಲ. ನನಗೆ ಬೇಸರ ತರುವುದು ಇದೇ. ಒಂದು ಮಗ್ ಕೊಂಡ ಮಾತ್ರಕ್ಕೆ ಮನೆತನದ ನಿಜವಾದ ಚರಿತ್ರೆ ಪಕ್ಕಕ್ಕೆ ಸರಿದು, ಕೊಂಡು ತಂದ ಚರಿತ್ರೆ ಶೋಕೇಸಿನಲ್ಲಿ ಕೂರುತ್ತದೆ. ಮೊಮ್ಮಕ್ಕಳು ಅದನ್ನೇ ನಂಬಿ ಬೆಳೆಯುತ್ತಾರೆ.

ನಿಮ್ಮ ಅಪ್ಪನನ್ನು ಕೂರಿಸಿಕೊಂಡು ಕೇಳಿ. ಮಂಗಳೂರು ಕಥೋಲಿಕರ ಎಷ್ಟೋ ಮನೆಗಳಲ್ಲಿ ಮತಾಂತರಕ್ಕೆ ಮುಂಚಿನ ಹೆಸರಿನ ನೆನಪು ಇನ್ನೂ ಇದೆ: ಪ್ರಭು, ಕಾಮತ್, ಶೆಣೈ, ಪೈ, ನಾಯಕ್. ಅದು ಮರೆತಿದ್ದರೂ ಊರವರು ಕರೆಯುವ ಮನೆಯ ಹೆಸರಂತೂ ಇದ್ದೇ ಇರುತ್ತದೆ. ಮಗ್ ಮೇಲೆ ಆ ಮನೆಯ ಹೆಸರು, ಮದುವೆಯಾದ ಇಗರ್ಜಿ, ತಾರೀಖು, ಅದರ ಕೆಳಗೆ ಕನ್ನಡ ಲಿಪಿಯಲ್ಲಿ, ದೇವರು ಒಳ್ಳೆಯದು ಮಾಡಲಿ ಎಂಬರ್ಥದ ‘ದೇವ್ ಬರೆಂ ಕರುಂ’ ಎಂದು ಬರೆಸಿ. ಅಂಚಿಗೆ ಮಲ್ಲಿಗೆ ಬಳ್ಳಿ ಸಾಕು. ಅಣ್ಣನ ಪ್ರೀತಿಯಲ್ಲಿ ಕೊರತೆ ಏನೂ ಇಲ್ಲ, ಅವನಿಗೆ ಚಿತ್ರವೊಂದನ್ನು ಬದಲಿಸಲು ಹೇಳಿದರಾಯಿತು.

ಪ್ರಶ್ನೆ: ನಾನು ಎಸ್.ಪಿ. ರಸ್ತೆಯ ಹತ್ತಿರ ಲೇಸರ್ ಕೆತ್ತನೆ ಅಂಗಡಿ ಇಟ್ಟಿದ್ದೇನೆ. ಗಿರಾಕಿಗಳು ಬಣ್ಣದ ಲಾಂಛನದ ಚಿತ್ರ ತಂದು ಗ್ಲಾಸಿನ ಮೇಲೆ ಹಾಕಿ ಅನ್ನುತ್ತಾರೆ. ಗ್ಲಾಸಿನ ಮೇಲೆ ಬಣ್ಣ ಬರುವುದಿಲ್ಲ. ಎಲ್ಲವೂ ಒಂದೇ ಬಿಳಿ ಮಬ್ಬಾಗಿ ಗುರಾಣಿ ಯಾವುದು, ಸಿಂಹ ಯಾವುದು ತಿಳಿಯುವುದಿಲ್ಲ. ಏನು ಮಾಡಲಿ?
— ಕೆತ್ತನೆಗಾರರು, ಬೆಂಗಳೂರು

ಉತ್ತರ: ನಿಮ್ಮ ತೊಂದರೆಯನ್ನು ಯೂರೋಪಿನ ಅಕ್ಕಸಾಲಿಗರು, ಮುದ್ರಕರು ಸುಮಾರು 400 ವರ್ಷಗಳ ಹಿಂದೆಯೇ ಎದುರಿಸಿ ಬಗೆಹರಿಸಿದ್ದಾರೆ. ಬಣ್ಣಕ್ಕೆ ಬದಲು ಗೆರೆ. ಸಿಲ್ವೆಸ್ಟರ್ ಪೆಟ್ರಾ ಸಾಂಕ್ಟಾ ಎಂಬ ಜೆಸ್ಯೂಟ್ ಪಾದ್ರಿ 1638ರಲ್ಲಿ ರೋಮಿನಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಬಳಸಿದ ಕ್ರಮ ಇವತ್ತಿಗೂ ಚಾಲ್ತಿಯಲ್ಲಿದೆ. ಕೆಂಪಿಗೆ ನಿಲುವು ಗೆರೆ. ನೀಲಿಗೆ ಅಡ್ಡ ಗೆರೆ. ಕಪ್ಪಿಗೆ ನಿಲುವು ಅಡ್ಡ ಎರಡೂ ಸೇರಿದ ಜಾಲಿ. ಹಸಿರಿಗೆ ನೋಡುವವರ ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಓರೆ ಗೆರೆ, ನೇರಳೆಗೆ ಅದಕ್ಕೆ ವಿರುದ್ಧ ಓರೆ. ಚಿನ್ನಕ್ಕೆ ಚುಕ್ಕಿ. ಬೆಳ್ಳಿಗೆ ಏನೂ ಇಲ್ಲ, ಖಾಲಿ. ಹಳೆಯ ಬೆಳ್ಳಿ ಲೋಟಗಳ ಮೇಲಿನ ಲಾಂಛನವನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣವನ್ನು ಹೀಗೆ ಓದಬಹುದು. ಆರ್ಗೈಲ್‌ನ ಕ್ಯಾಂಪ್‌ಬೆಲ್‌ಗಳ ಗುರಾಣಿಯಲ್ಲಿ ನಡುವಿನಿಂದ ಹೊರಟ ಎಂಟು ತ್ರಿಕೋನಗಳು ಚಿನ್ನ-ಕಪ್ಪು, ಚಿನ್ನ-ಕಪ್ಪು ಎಂದು ಬರುತ್ತವೆ. ಅದನ್ನು ಚುಕ್ಕಿ-ಜಾಲಿ, ಚುಕ್ಕಿ-ಜಾಲಿ ಎಂದು ಕೆತ್ತಿದರೆ ಬಹಳ ಚೆಂದ ಕಾಣುತ್ತದೆ.

ಚಿತ್ರವನ್ನು ಕನ್ನಡಿಯಂತೆ ತಿರುಗಿಸಬೇಡಿ. ಲಾಂಛನದಲ್ಲಿ ಬಲ-ಎಡ ಎನ್ನುವುದು ಗುರಾಣಿ ಹಿಡಿದವನ ಬಲ-ಎಡ. ಸಿಂಹ ಸಾಮಾನ್ಯವಾಗಿ ನೋಡುವವರ ಎಡಕ್ಕೆ ಮುಖ ಮಾಡಿರುತ್ತದೆ. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿ ಅದು ಬಲಕ್ಕೆ ತಿರುಗಿದರೆ ಲಾಂಛನವೇ ಬೇರೆಯಾಗುತ್ತದೆ. ಪಾರದರ್ಶಕ ಗ್ಲಾಸಿನಲ್ಲಿ ಹಿಂದಿನಿಂದ ನೋಡಿದರೆ ತಿರುಗುಮುರುಗಾಗಿ ಕಾಣುವುದು ಇದ್ದದ್ದೇ, ಕುಡಿಯುವವರ ಎದುರು ಕೂತವರ ಕಡೆಯಿಂದ ಸರಿಯಿದ್ದರೆ ಸಾಕು.

ಲೇಸರ್ ಗಾಜಿನ ಮೇಲ್ಮೈಯನ್ನು ಬಿಸಿ ಮಾಡಿ ಸಣ್ಣ ಸಣ್ಣ ಚಕ್ಕೆ ಎಬ್ಬಿಸುತ್ತದೆ. ಒದ್ದೆ ಟಿಶ್ಯೂ ಕಾಗದ ಅಂಟಿಸಿ ಕೆತ್ತಿದರೆ ಅಂಚು ನಯವಾಗುತ್ತದೆ. ಸೀಸದ ಕ್ರಿಸ್ಟಲ್ ತಂದರೆ ಲೇಸರ್ ಹಾಕಬೇಡಿ, ಬಿರುಕು ಬಿಡುವ ಭಯವಿದೆ. ಸ್ಟೆನ್ಸಿಲ್ ಅಂಟಿಸಿ ಮರಳು ಊದಿಸುವ ಸ್ಯಾಂಡ್‌ಬ್ಲಾಸ್ಟಿಂಗ್ ಅದಕ್ಕೆ ಒಳ್ಳೆಯದು. ಶಾಟ್ ಗ್ಲಾಸಿನಂಥ ಪುಟ್ಟದರ ಮೇಲೆ ಶಿರಸ್ತ್ರಾಣ, ಆಸರೆ ಪ್ರಾಣಿಗಳು, ಧ್ಯೇಯವಾಕ್ಯ ಎಲ್ಲವನ್ನೂ ತುರುಕಬೇಡಿ, ಗುರಾಣಿ ಒಂದೇ ಇರಲಿ. ಬಣ್ಣವೇ ಬೇಕೆಂದು ಹಟ ಹಿಡಿದವರಿಗೆ ಎನಾಮೆಲ್ ಬಳಿದು ಸುಡುವ ವಿಧಾನವಿದೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಬೀಲ್ಬಿ ಕುಟುಂಬದವರು 1760, 70ರ ದಶಕಗಳಲ್ಲಿ ವೈನ್ ಗ್ಲಾಸುಗಳ ಮೇಲೆ ಹೀಗೆ ಬರೆದ ಲಾಂಛನಗಳು ಈಗ ಮ್ಯೂಸಿಯಮ್ಮುಗಳಲ್ಲಿವೆ.

ಗಿರಾಕಿಯ ಕಾಗದದ ಮೇಲೆ ಕೆಂಪು, ಹಸಿರು ಎಂದು ಬರೆದಿದ್ದರೆ ಕೆತ್ತುವ ಮುಂಚೆ ಅಳಿಸಿಕೊಳ್ಳಿ. 18ನೇ ಶತಮಾನದಲ್ಲಿ ಇಂಗ್ಲಿಷ್ ಮನೆತನಗಳು ಚೀನಾದ ಗುವಾಂಗ್‌ಝೌನಿಂದ ಲಾಂಛನ ಬರೆದ ಪಿಂಗಾಣಿ ಪಾತ್ರೆಗಳನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದವು. ಇಂಗ್ಲಿಷ್ ಬಾರದ ಚಿತ್ರಕಾರರು ಬಣ್ಣದ ಸೂಚನೆಯ ಅಕ್ಷರಗಳನ್ನೂ ಅಚ್ಚುಕಟ್ಟಾಗಿ ತಟ್ಟೆಯ ಮೇಲೆ ನಕಲಿಳಿಸಿದ ಉದಾಹರಣೆಗಳಿವೆ.

ಪ್ರಶ್ನೆ: ಬರುವ ಡಿಸೆಂಬರಿನಲ್ಲಿ ಶಿರಸಿ ಸಮೀಪದ ನಮ್ಮ ಮೂಲಮನೆಯಲ್ಲಿ ಕುಟುಂಬದವರೆಲ್ಲ ಸೇರುತ್ತೇವೆ. ಅಮೆರಿಕದಲ್ಲಿರುವ ಮಗಳು ಎಲ್ಲರಿಗೂ ‘ಹೆಗಡೆ ಫ್ಯಾಮಿಲಿ ಕ್ರೆಸ್ಟ್’ ಇರುವ ಸ್ಟೀಲ್ ಫ್ಲಾಸ್ಕ್ ಮಾಡಿಸೋಣ ಅನ್ನುತ್ತಾಳೆ. ಎರಡು ಸಿಂಹ, ಒಂದು ಕಿರೀಟ ಇರುವ ಚಿತ್ರ ಕಳಿಸಿದ್ದಾಳೆ. ಬೇಡ ಅನ್ನಲು ಮನಸ್ಸಿಲ್ಲ. ನಮ್ಮದೇ ಒಂದು ಲಾಂಛನ ಮಾಡಿಕೊಳ್ಳಬಹುದೇ?
— ಓದುಗರು, ಉತ್ತರ ಕನ್ನಡ

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಮಗಳು ಕಳಿಸಿದ ಚಿತ್ರ ಮಾತ್ರ ಬೇಡ. ಹೆಗಡೆ ಎಂಬುದು ಊರಿನ ಮುಖಂಡತನದಿಂದ ಬಂದ ಹೆಸರು. ಹಲವು ಜಾತಿಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಸಾವಿರಾರು ಮನೆಗಳಲ್ಲಿ ಇದೆ. ಗೌಡ, ಶೆಟ್ಟಿ, ರಾವ್, ಪಾಟೀಲ ಎಲ್ಲದರದೂ ಇದೇ ಕಥೆ. ಅವಕ್ಕೆಲ್ಲ ಸೇರಿ ಒಂದು ಲಾಂಛನ ಇರಲು ಸಾಧ್ಯವಿಲ್ಲ. ನಮ್ಮಲ್ಲಿ ಒಂದೇ ಮೂಲದವರು ಎಂದು ಹೇಳುವುದು ಗೋತ್ರ, ಬಳಿ, ಬೆಡಗು, ಕೊಡವರ ಒಕ್ಕ ಇಂಥವು. ಬೆಡಗುಗಳಲ್ಲಿ ಎಷ್ಟೋ ಮರ, ಪ್ರಾಣಿ, ವಸ್ತುಗಳ ಹೆಸರಿನವು. ತಮ್ಮ ಬೆಡಗಿನ ಮರವನ್ನು ಕಡಿಯದ, ಪ್ರಾಣಿಯನ್ನು ಕೊಲ್ಲದ ಮನೆಗಳಿವೆ. ಅಂಥ ಗುರುತು ಇರುವವರು ಸಿಂಹವನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಸ್ವಂತ ಗುರುತು ಮಾಡಿಕೊಳ್ಳುವುದು ಅಪಚಾರವೂ ಅಲ್ಲ. ಜರ್ಮನಿ, ಸ್ವಿಟ್ಜರ್ಲೆಂಡುಗಳಲ್ಲಿ ರೈತರು, ಬ್ರೆಡ್ ಸುಡುವವರು, ಕಮ್ಮಾರರು ಯಾವ ದೊರೆಯನ್ನೂ ಕೇಳದೆ ತಮ್ಮ ಲಾಂಛನ ತಾವೇ ಮಾಡಿಕೊಂಡು ಬಂದಿದ್ದಾರೆ. ಅವನ್ನು ದಾಖಲಿಸುವ ‘ಡೆರ್ ಹೆರೋಲ್ಡ್’ ಎಂಬ ಸಂಘ ಬರ್ಲಿನ್ನಿನಲ್ಲಿ 1869ರಿಂದ ಇದೆ. ಅವರ ನಿಯಮ ಸರಳ: ಬೇರೆಯವರದನ್ನು ಕದಿಯಬೇಡ, ದೂರದಿಂದ ಗುರುತಾಗುವಂತಿರಲಿ, ನಿನ್ನ ಮನೆಗೆ ಅರ್ಥವಿರಲಿ.

ಈ ಮೂರನ್ನು ಹಿಡಿದುಕೊಂಡು ನಿಮ್ಮ ಮೂಲಮನೆಗೊಮ್ಮೆ ಹೋಗಿ ನೋಡಿ. ಹೆಬ್ಬಾಗಿಲ ಕೆತ್ತನೆ, ಕಂಬದ ಬೋದಿಗೆ, ಹಳೆಯ ದೀಪ, ತೋಟದ ಅಡಿಕೆ ಸಿಂಗಾರ ಇವುಗಳಲ್ಲಿ ಒಂದನ್ನು ಆರಿಸಿ. ಒಂದೇ ಒಂದು. ಐದು ವಸ್ತು ಸೇರಿಸಿದರೆ ಅದು ಪೋಸ್ಟರ್ ಆಗುತ್ತದೆ. ಎರಡು ಬಣ್ಣ ಸಾಕು. ಯೂರೋಪಿನ ಲಾಂಛನಕಾರರ ಒಂದು ನಿಯಮವನ್ನು ಮಾತ್ರ ಹಾಗೆಯೇ ತೆಗೆದುಕೊಳ್ಳಿ: ಹಳದಿ-ಬಿಳಿಗಳನ್ನು ಗಾಢ ಬಣ್ಣದ ಮೇಲೆ ಇಡಿ, ಗಾಢ ಬಣ್ಣವನ್ನು ಹಳದಿ ಅಥವಾ ಬಿಳಿಯ ಮೇಲೆ ಇಡಿ. ಯುದ್ಧಭೂಮಿಯ ದೂಳಿನಲ್ಲೂ ಕಾಣಬೇಕೆಂದು ಹುಟ್ಟಿದ ನಿಯಮ, ಫ್ಲಾಸ್ಕಿನ ಮೇಲೂ ಚೆನ್ನಾಗಿ ನಡೆಯುತ್ತದೆ. ಹಸೆ ಚಿತ್ತಾರವನ್ನು ಎತ್ತಿಕೊಳ್ಳುವ ಆಸೆ ಬರಬಹುದು. ಅದು ಮಲೆನಾಡಿನ ದೀವರ ಹೆಣ್ಣುಮಕ್ಕಳ ಕಲೆ, ಅವರದಾಗಿಯೇ ಇರಲಿ. ಬೇಕೆಂದರೆ ಆ ಕಲಾವಿದೆಯರಿಗೇ ಹಣ ಕೊಟ್ಟು ಬರೆಸಿ ಗೋಡೆಗೆ ಹಾಕಿ.

ಕೆಳಗೆ ಮನೆಯ ಹೆಸರಿರಲಿ. ಶಿರಸಿ ಸೀಮೆಯಲ್ಲಿ ಊರು ಕೇರಿಯ ಹೆಸರಿನ ಮೇಲೇ ಮನೆ ಗುರುತಿಸುತ್ತಾರೆ, ಹೆಗಡೆ ಎಂದು ಅಷ್ಟೇ ಹೇಳಿದರೆ ಯಾರೆಂದು ತಿಳಿಯುವುದಿಲ್ಲ. ಚಿತ್ರ ಬರೆಯುವ ಕೆಲಸ ಮಗಳಿಗೇ ಕೊಡಿ. ದೂರದಲ್ಲಿರುವವಳು ಮನೆಯ ಬಾಗಿಲನ್ನು ನೋಡಿ ನೋಡಿ ಬರೆದರೆ ಅದಕ್ಕಿಂತ ದೊಡ್ಡ ಉಡುಗೊರೆ ಏನು ಬೇಕು?

ಪ್ರಶ್ನೆ: ಮಗನ ಮದುವೆಗೆ ಬಂದವರಿಗೆ ಕೊಡಲು ಗಂಡಭೇರುಂಡ ಇರುವ ಬೆಳ್ಳಿ ಲೇಪದ ಲೋಟ ಮಾಡಿಸುತ್ತಿದ್ದೇವೆ. ಕಾನೂನಿನ ತೊಡಕು ಇದೆಯೇ?
— ಓದುಗಿ, ಕುವೆಂಪುನಗರ, ಮೈಸೂರು

ಉತ್ತರ: ಗಂಡಭೇರುಂಡವಿರುವ ರಾಜ್ಯ ಸರ್ಕಾರದ ಲಾಂಛನವನ್ನು ಇದ್ದ ಹಾಗೆ ಇಳಿಸಬೇಡಿ. ಸರ್ಕಾರಿ ಲಾಂಛನಗಳನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಕಾಯ್ದೆ ತಡೆಯುತ್ತದೆ. ರಾಜ್ಯ ಲಾಂಛನದ ಮೇಲ್ತುದಿಯಲ್ಲಿರುವ ಅಶೋಕನ ಸಿಂಹಗಳಿಗೆ 2005ರ ಕಾಯ್ದೆಯ ರಕ್ಷಣೆ ಬೇರೆ ಇದೆ. ಆನೆಯ ಸೊಂಡಿಲಿನ ಶರಭಗಳು ಎರಡು ಕಡೆ ನಿಂತ ಆ ವಿನ್ಯಾಸ ಮೈಸೂರು ಒಡೆಯರ ಲಾಂಛನದಿಂದ ಬಂದದ್ದು. ಅದನ್ನು ಮದುವೆ ಲೋಟಕ್ಕೆ ಎಳೆದು ತರುವುದು ಔಚಿತ್ಯವೂ ಅಲ್ಲ.

ಗಂಡಭೇರುಂಡ ಹಕ್ಕಿ ಮಾತ್ರ ಒಡೆಯರಿಗಿಂತ ಬಹಳ ಹಳೆಯದು. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡ ಸ್ತಂಭವಿದೆ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳ ಮೇಲೆ ಆನೆಗಳನ್ನು ಹಿಡಿದ ಗಂಡಭೇರುಂಡ ಇದೆ. ಕೆಳದಿಯ ರಾಮೇಶ್ವರ ಗುಡಿಯ ಚಾವಣಿಯಲ್ಲೂ ಇದೆ. ಇವುಗಳಲ್ಲಿ ಒಂದನ್ನು ನೋಡಿ ಚಿತ್ರಕಾರರಿಂದ ಹೊಸದಾಗಿ ಬರೆಸಿ. ವಧೂವರರ ಹೆಸರು, ತಾರೀಖು ಸೇರಿಸಿ. ‘ನಮ್ಮ ಮನೆತನದ ಲಾಂಛನ’ ಎಂದು ಮಾತ್ರ ಬರೆಸಬೇಡಿ.

ಪ್ರಶ್ನೆ: ತಾಮ್ರ, ಪ್ಯೂಟರ್, ಕ್ರಿಸ್ಟಲ್, ಬಿದರಿ ಇವುಗಳಲ್ಲಿ ಹೆಸರು ಕೆತ್ತಿಸಿ ಉಡುಗೊರೆ ಕೊಡಲು ಯಾವುದು ಒಳ್ಳೆಯದು? ಕುಡಿಯಲು ಸುರಕ್ಷಿತವೇ?
— ಓದುಗರು, ಹುಬ್ಬಳ್ಳಿ

ಉತ್ತರ: ದಿನಬಳಕೆಗೆ ಸ್ಟೀಲ್, ಗಾಜು, ಪಿಂಗಾಣಿಗೆ ಸಮನಿಲ್ಲ. ಪಾತ್ರೆ ಅಂಗಡಿಯವರು ಸ್ಟೀಲ್ ಲೋಟದ ಮೇಲೆ ಗರಗರ ಎಂದು ಹೆಸರು ಹಾಕಿಕೊಡುತ್ತಾರಲ್ಲ, ಆ ಅಕ್ಷರ ಅಜ್ಜಿಯ ಕಾಲದಿಂದ ಮೊಮ್ಮಗಳ ಕಾಲದವರೆಗೂ ಅಳಿಸುವುದಿಲ್ಲ. ಪ್ಯೂಟರ್ ಮುಖ್ಯವಾಗಿ ತವರ. ಹಳೆಯ ಪ್ಯೂಟರಿನಲ್ಲಿ ಸೀಸ ಇರುತ್ತಿತ್ತು, ಈಗಿನದರಲ್ಲಿ ಸೀಸವಿಲ್ಲ ಎಂದು ಬರೆದಿದೆಯೇ ನೋಡಿ ಕೊಳ್ಳಿ. ಡಿಶ್‌ವಾಷರಿಗೆ ಹಾಕಬೇಡಿ, ಒಲೆಯ ಹತ್ತಿರವೂ ಇಡಬೇಡಿ. ಸೀಸದ ಕ್ರಿಸ್ಟಲ್‌ನಲ್ಲಿ ಯೂರೋಪಿನ ಅಳತೆಯಂತೆ ಕನಿಷ್ಠ ಶೇ 24ರಷ್ಟು ಸೀಸದ ಆಕ್ಸೈಡ್ ಇರುತ್ತದೆ. ಒಂದು ಸಂಜೆ ಕುಡಿಯಬಹುದು, ಆದರೆ ಆ ಡಿಕ್ಯಾಂಟರಿನಲ್ಲಿ ಮದ್ಯವನ್ನು ವಾರಗಟ್ಟಲೆ ತುಂಬಿಡಬಾರದು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ನಿಂಬೆ ಪಾನಕ, ಮಜ್ಜಿಗೆಯಂಥ ಹುಳಿ ಬೇಡ.

ಬಿದರಿಯ ಬಗ್ಗೆ ಖಚಿತವಾಗಿ ಹೇಳುತ್ತೇನೆ: ಅದು ಸತು ಹೆಚ್ಚಿರುವ ಮಿಶ್ರಲೋಹ, ಕುಡಿಯುವ ಪಾತ್ರೆಯಲ್ಲ. ಬೀದರಿನ ಕುಶಲಕರ್ಮಿಗಳಿಂದ ಬೆಳ್ಳಿ ತಂತಿಯಲ್ಲಿ ಮನೆಯ ಹೆಸರು ಕೂರಿಸಿದ ತಟ್ಟೆ ಮಾಡಿಸಿ, ಗಾಜಿನ ಲೋಟಗಳನ್ನು ಅದರ ಮೇಲಿಟ್ಟು ಕೊಡಿ.